ರೊಟ್ಟಿ ಮುಟ್ಟದ ನವಾಬ

ಆಗ ನಮ್ಮ ಓಣಿಯಲ್ಲಿ ಯಾರ ಮನೆಗೂ ಹಿಟ್ಟು ಪಾಕೀಟಿನಲ್ಲಿ ಬರುತ್ತಿರಲಿಲ್ಲ. ಜೋಳ ಚೀಲದಲ್ಲಿ ಬರುತ್ತಿತ್ತು, ಮೊರದಲ್ಲಿ ಹಸನಾಗುತ್ತಿತ್ತು, ಬುಟ್ಟಿಯಲ್ಲಿ ಕೂತು ಹುಡುಗರ ತಲೆಯ ಮೇಲೆ ಗಿರಣಿಗೆ ಹೋಗುತ್ತಿತ್ತು, ಬಿಸಿ ಹಿಟ್ಟಾಗಿ ಅದೇ ತಲೆಯ ಮೇಲೆ ಮನೆಗೆ ಮರಳುತ್ತಿತ್ತು. ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಬೆಳೆದ ನನ್ನ ವಯಸ್ಸಿನವರ ನೆತ್ತಿಯೆಲ್ಲ ಸ್ವಲ್ಪ ಚಪ್ಪಟೆಯಾಗಿರುವುದಕ್ಕೆ ಇದೇ ಕಾರಣ. ನನ್ನದು ಉಳಿದವರಿಗಿಂತ ಹೆಚ್ಚು ಚಪ್ಪಟೆ. "ಒಳಗ ಏನರ ಇದ್ರ ತಡೀತಿತ್ತು" ಎಂದು ನಮ್ಮ ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು.

ಗಿರಣಿ ನನ್ನ ಗೆಳೆಯ ಮೆಹಬೂಬನ ಮನೆಯವರದು. ಒಳಗೆ ಕಾಲಿಟ್ಟರೆ ಬಿಸಿ ಹಿಟ್ಟಿನ ವಾಸನೆ, ಕಾದ ಯಂತ್ರದ ಪಟ್ಟೆಯ ವಾಸನೆ, ಒಣಮೆಣಸಿನಕಾಯಿ ಕುಟ್ಟಿದ ದಿನವಾದರೆ ಹತ್ತು ಸೀನು. ಮೆಹಬೂಬ ಹುಬ್ಬಿನವರೆಗೂ ಬಿಳಿಯಾಗಿ, ಹತ್ತನೆಯ ವಯಸ್ಸಿಗೇ ಮುದುಕನಂತೆ ನಿಂತಿರುತ್ತಿದ್ದ. ಮಾತು ಮಾತ್ರ ಇಲ್ಲ. ಗಿರಣಿಯ ಗದ್ದಲದಲ್ಲಿ ಬೆಳೆದವನಿಗೆ ಮಾತಾಡಿ ಪ್ರಯೋಜನವಿಲ್ಲ ಎಂದು ತೊಟ್ಟಿಲಲ್ಲೇ ಗೊತ್ತಾಗಿರಬೇಕು.

ನಾನು ಅದಕ್ಕೆ ತದ್ವಿರುದ್ಧ. ಓಣಿಯಲ್ಲಿ ನಾನು ನಕಲು ಮಾಡದ ದನಿ ಇರಲಿಲ್ಲ. ಹೆಡ್ ಮಾಸ್ತರರು ಮೂಗಿನಲ್ಲಿ ಬೈಯುವುದು, ಶಹಾಪುರ ಬಸ್ಸಿನ ಕಂಡಕ್ಟರು "ಒಳಗ ನಡೀರಿ, ಒಳಗ ಜಾತ್ರಿಯಷ್ಟು ಜಾಗ ಐತಿ" ಎಂದು ಸುಳ್ಳು ಹೇಳುವುದು, ಗಿರಣಿ ಶುರುವಾಗುವಾಗ ಗುಡ್ ಗುಡ್ ಎಂದು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವೂ ನನ್ನ ಬಾಯಲ್ಲಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಆಯಿಯ ದನಿ. ಅವಳಿಗೊಂದು ಗುಟ್ಟಿತ್ತು. ಸುಳ್ಳು ಹೇಳುವ ಮುಂಚೆ ಎರಡು ಸಲ ಕೆಮ್ಮುತ್ತಿದ್ದಳು. ಅದನ್ನು ಕಂಡುಹಿಡಿದವನು ನಾನೇ. ಮನೆಗೆ ಬಂದವರ ಮುಂದೆ ಕೆಮ್ಮಿ ತೋರಿಸಿ ಬೆನ್ನಿಗೆ ಗುದ್ದು ತಿಂದವನೂ ನಾನೇ. ಮೆಹಬೂಬನ ನಕಲು ಮಾತ್ರ ನನಗೆ ಬರಲಿಲ್ಲ. ಏನೂ ಆಡದವನ ನಕಲು ಹೇಗೆ ಮಾಡುವುದು?

ಐದನೇ ತರಗತಿಯ ಬೇಸಿಗೆ ಸೂಟಿ ಮುಗಿಯುತ್ತ ಬಂದಿತ್ತು. ಒಂದೆರಡು ಮಳೆ ಬಿದ್ದು ಮಣ್ಣು ಘಮ್ಮೆನ್ನುತ್ತಿದ್ದ ದಿನ, ಮೆಹಬೂಬ ಉದ್ದಕ್ಕೆ ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಎದೆಗವಚಿಕೊಂಡು ನಮ್ಮ ಕಟ್ಟೆಗೆ ಬಂದ. ಡಬ್ಬಿಯ ಬಾಯಿಗೆ ಗಿರಣಿಯ ಹಳೇ ಜರಡಿಯ ಜಾಳಿಗೆ ಬಿಗಿದಿತ್ತು. ಒಳಗೆ ಮರಳು, ಬೇವಿನ ತರಗು, ಅರ್ಧ ಇಟ್ಟಿಗೆ, ನೀರಿಗೊಂದು ಶೀಶೆಯ ಮುಚ್ಚಳ. ಇಟ್ಟಿಗೆಯ ಮೇಲೆ, ಕಂಚಿನ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಮಿರಮಿರ ಮಿಂಚುತ್ತ, ನವಾಬ ಮಲಗಿದ್ದ.

ನವಾಬ ಎಂದರೆ ಒಂದು ಹಾವರಾಣಿ, ಹಾವಿನ ಮಿಂಚು ಹೊತ್ತ ಹಲ್ಲಿಯಂಥದ್ದು. ಗಿರಣಿಯ ಮೂಲೆಯ ಚೀಲಗಳ ಹಿಂದೆ ಹುಳ ತಿಂದು ಬೆಳೆದಿದ್ದ ಪ್ರಾಣಿ. ಮೆಹಬೂಬ ಅಂಗೈ ಚಾಚಿದರೆ ಬಂದು ಬೆರಳು ನೆಕ್ಕುವಷ್ಟು ಸಲಿಗೆ. ಒಂದು ವಿಚಿತ್ರವೆಂದರೆ ಅದರ ಬಾಲ. ಅರ್ಧದವರೆಗೆ ಮೈಯ ಬಣ್ಣ, ಅಲ್ಲಿಂದ ತುದಿಯವರೆಗೆ ಬೇರೆಯೇ ಮಬ್ಬು ಬಣ್ಣ. ಯಾರೋ ಒಂದು ಪ್ಯಾಂಟಿಗೆ ಇನ್ನೊಂದು ಪ್ಯಾಂಟಿನ ಕಾಲು ಹೊಲಿದಂತೆ.

"ಯಾದಗಿರಿಗಿ ಹೊಂಟೀವಿ. ಖಾಲಾನ ಮದಿವಿ. ಹನ್ನೆರಡ ದಿನ," ಎಂದ ಮೆಹಬೂಬ. ಖಾಲಾ ಎಂದರೆ ಅವನ ಚಿಕ್ಕಮ್ಮ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

"ಗಿರಣ್ಯಾಗ ಬಿಡಲೇ."

"ಕೀಲಿ ಹಾಕ್ತಾರ. ಬೆಕ್ಕು ಬರ್ತದ."

ಆಮೇಲೆ ಮೂರು ಬೆರಳು ಎತ್ತಿ ಮೂರು ಮಾತು ಹೇಳಿದ. "ಹುಳ ಹಾಕು. ನೀರಿಡು. ಬಾಲಾ ಹಿಡೀಬ್ಯಾಡ." ಹಿಟ್ಟಿನ ಹುಳ ತುಂಬಿದ ಒಂದು ಸಣ್ಣ ತಗಡಿನ ಡಬ್ಬಿಯನ್ನೂ ನನ್ನ ಕೈಗಿಟ್ಟ. ಹೋಗುವಾಗ ತಿರುಗಿ ನೋಡಿದ. ಓಣಿಯಲ್ಲಿ ಇಷ್ಟು ಹುಡುಗರಿದ್ದರೂ, ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದ ನನ್ನ ಕೈಗೇ ಅವನು ಅದನ್ನು ಕೊಟ್ಟಿದ್ದ. ಅಂದು ನನ್ನನ್ನು ಕ್ಲಾಸ್ ಮಾನಿಟರ್ ಮಾಡಿದ್ದರೂ ಅಷ್ಟು ಎದೆ ಉಬ್ಬುತ್ತಿರಲಿಲ್ಲ.

ಉಬ್ಬಿದ ಎದೆ ಪಡಸಾಲೆಯ ಹೊಸ್ತಿಲಲ್ಲೇ ಇಳಿಯಿತು. ಆಯಿ ಡಬ್ಬಿಯಲ್ಲಿ ಇಣುಕಿದವಳೇ ಸೆರಗು ಕಚ್ಚಿಕೊಂಡಳು.

"ಯವ್ವಾ ನಮ್ಮವ್ವಾ! ಹಾವರಾಣಿ! ಕಚ್ಚಿದ್ರ ನೀರ ಕೇಳಂಗಿಲ್ಲಲೇ ಭಾಡ್ಯಾ! ಹಾವಿನ ಚಿಗವ್ವ ಅದು!"

"ಆಯಿ, ಮೆಹಬೂಬ ನಂಬಿ ಬಿಟ್ಟು ಹೋಗ್ಯಾನ."

ಈ ಮಾತು ಆಯಿಯ ಮೇಲೆ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೀಲಿಕೈ ಇಟ್ಟುಹೋದರೆ ಅದನ್ನು ದೇವರ ಜಗುಲಿಯ ಮೇಲಿಟ್ಟು ಕಾಯುವವಳು ಅವಳು. ಸೆರಗು ಬಾಯಿಂದ ಬಿಟ್ಟಳು. ಮತ್ತೊಮ್ಮೆ ಇಣುಕಿದಳು.

"ಆತು, ಇರ್ಲಿ. ಆದ್ರ ಕೇಳು, ನಮ್ಮ ಮನ್ಯಾಗ ಇರೂತನಕ ನಮ್ಮ ಮನಿ ರೀತಿಲೇ ಇರಬೇಕು. ಜೀವಾ ತಿಂದು ಜೀವಾ ಬೆಳಸೋದು ಈ ಮನ್ಯಾಗ ನಡ್ಯಂಗಿಲ್ಲ. ಲಿಂಗಾ ಕಟ್ಟಿಕೊಂಡ ಮನಿ ಇದು."

ಹಾಗೆಂದು ನನ್ನ ಕೈಯಿಂದ ಹುಳದ ಡಬ್ಬಿ ಕಸಿದು ಹಿತ್ತಲಿಗೆ ಹೋದಳು. ಬೇವಿನ ಗಿಡದ ಬುಡಕ್ಕೆ ಸುರಿದು, "ಹೋಗ್ರೆಪ್ಪಾ, ಎಲ್ಲೆರ ಬದಕೊಳ್ರಿ" ಎಂದು ಹರಸಿದಳು. ಅವಳು ಈ ಕಡೆ ತಿರುಗುವಷ್ಟರಲ್ಲಿ ಆಚೆ ಓಣಿಯ ಕೋಳಿಗಳು ಬಂದು ಹರಕೆ ಪಡೆದವರನ್ನೆಲ್ಲ ಗುಳುಂ ಮಾಡಿದವು. ಆಯಿ ಅದನ್ನು ನೋಡಿದಳು. ನೋಡಲಿಲ್ಲವೆಂಬಂತೆ ಎರಡು ಸಲ ಕೆಮ್ಮಿದಳು.

ಅಂದಿನಿಂದ ನವಾಬನಿಗೆ ನಮ್ಮ ಮನೆಯ ಪಂಕ್ತಿ. ಬೆಳಿಗ್ಗೆ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ. ಮಧ್ಯಾಹ್ನ ಬೆಲ್ಲದ ಚೂರು, ಹುರಿದ ಶೇಂಗಾ. ಒಂದು ದಿನ ಶೇಂಗಾ ಹಿಂಡಿ, ಎಂದರೆ ಖಾರದ ಚಟ್ನಿಪುಡಿಯನ್ನೂ ಇಟ್ಟು ನೋಡಿದೆವು. ನವಾಬ ಮುಖ ತಿರುಗಿಸಿದ. "ಖಾರ ಆತೇನೋ," ಎಂದು ಆಯಿ ಮರುದಿನ ಅದಕ್ಕೆ ಮೊಸರು ಕಲಸಿದಳು. ಮೂರನೆಯ ದಿನ ಬಾಳೆಹಣ್ಣಿನ ತುಣುಕನ್ನು ಒಮ್ಮೆ ನೆಕ್ಕಿದ. ಆಯಿಗಾದ ಸಂತೋಷ ನೋಡಬೇಕಿತ್ತು. "ನೋಡಿದೇನು? ಕಲಿಸಿದ್ರ ಕಲೀತೈತಿ! ನಿನಗ ಕಲಿಸೂದ ಕಷ್ಟ ಆತು ನೋಡು." ಅದಾದ ಮೇಲೆ ನವಾಬ ಯಾವುದಕ್ಕೂ ನಾಲಿಗೆ ಚಾಚಲಿಲ್ಲ. ಡಬ್ಬಿಯೊಳಗೆ ರೊಟ್ಟಿ ಹುಳಿಯಾಯಿತು, ಬೆಲ್ಲಕ್ಕೆ ಇರುವೆ ಬಂತು. ಆ ಇರುವೆಗಳನ್ನಾದರೂ ತಿನ್ನುತ್ತಾನೇನೋ ಎಂದು ನಾನು ಆಸೆಯಿಂದ ನೋಡಿದೆ. ಅವು ಅವನ ಬೆನ್ನ ಮೇಲೆ ಸಾಲು ಹಿಡಿದು ತಮ್ಮ ಪಾಡಿಗೆ ತಾವು ನಡೆದುಹೋದವು.

ಹುಳ ಹಿಡಿದು ತಂದು ಕದ್ದು ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಲು ಹೋದೆ. ಬಚ್ಚಲ ಹಿಂದೆ ಒಂದು ಜಿರಳೆ ಹಿಡಿದೆ. ಅದು ನನ್ನ ಅಂಗಿಯ ತೋಳಿನೊಳಗೆ ಓಡಿ ಬೆನ್ನಿನಲ್ಲಿ ಸುತ್ತು ಹೊಡೆಯಿತು. ನಾನು ಯಾರ ನಕಲೂ ಅಲ್ಲದ ನನ್ನ ಸ್ವಂತ ದನಿಯಲ್ಲಿ ಚೀರಿದೆ. ಅವ್ವ ಕೇಳಿದಳು. ಆಯಿ ಕೇಳಿದಳು. ಎದುರು ಮನೆಯ ಶರಣಮ್ಮ ಕೇಳಿ ಓಡಿಬಂದಳು. ಆ ಕಳ್ಳ ವ್ಯಾಪಾರ ಅಲ್ಲಿಗೇ ಮುಗಿಯಿತು.

ಆರನೆಯ ದಿನ ನವಾಬನ ಮಿಂಚು ಹೋಯಿತು. ಮೈಯೆಲ್ಲ ಬೂದಿ ಬಳಿದಂತಾಯಿತು. ಕಣ್ಣು ಮಂಕು. ಬೆನ್ನ ಮೇಲೆ ಅಲ್ಲಲ್ಲಿ ಬಿಳೀ ತೇಪೆ ಎದ್ದಿತ್ತು, ನನ್ನ ಕಾಲಿಗೆ ಚಳಿಗಾಲದಲ್ಲಿ ಏಳುತ್ತಿತ್ತಲ್ಲ ಹಾಗೆ. ಇಟ್ಟಿಗೆಯ ಸಂದಿಯಲ್ಲಿ ತಲೆ ತೂರಿಸಿಕೊಂಡು ಅಲುಗದೆ ಮಲಗಿಬಿಟ್ಟ. ಮೂರು ಮಾತಿನಲ್ಲಿ ಮೊದಲನೆಯದನ್ನು ನಾನು ನಡೆಸಿರಲಿಲ್ಲ. ಇದು ಸತ್ತರೆ ಮೆಹಬೂಬ ನನಗೆ ಬೈಯುವುದಿಲ್ಲ. ಅದೇ ಭಯ. ಸುಮ್ಮನೆ ಡಬ್ಬಿ ಎತ್ತಿಕೊಂಡು ಹೋಗುತ್ತಾನೆ, ಇನ್ನೆಂದೂ ನಮ್ಮ ಕಟ್ಟೆಗೆ ಬರುವುದಿಲ್ಲ.

ಏಳನೆಯ ದಿನ ಸಂಜೆ, ಅಪ್ಪ ಶಹಾಪುರದ ಕಚೇರಿಯಿಂದ ಬಂದು ಚಹಾಕ್ಕೆ ಕೂತಿದ್ದಾಗ, ಅವರ ಫೋನು ರಿಂಗಾಯಿತು. "ನಿಮಗಂತ ನೋಡ್ರೆಪ್ಪಾ ಸಾಹೇಬ್ರ, ಯಾದಗಿರಿಯಿಂದ," ಎಂದು ಅಪ್ಪ ನನ್ನ ಕೈಗೆ ಕೊಟ್ಟರು. ಹಿಂದೆ ಮದುವೆ ಮನೆಯ ಗದ್ದಲ. ಅದರ ನಡುವೆ ಮೆಹಬೂಬನ ಸಣ್ಣ ದನಿ.

"ನವಾಬ ಹೆಂಗದಾನ?"

"ಮಸ್ತ್ ಅದಾನ ಲೇ! ಉಂಡು ಉಂಡು ಡೊಳ್ಳು ಬಂದೈತಿ. ನಮ್ಮಪ್ಪನ ಅಂಗಿ ಹಾಕಿದ್ರೂ ಗುಂಡಿ ಹತ್ತಂಗಿಲ್ಲ."

ಅಪ್ಪ ಚಹಾದ ಬಸಿಯ ಮೇಲಿಂದ ಕಣ್ಣೆತ್ತಿ ನೋಡಿದರು.

"ಹುಳ ತಿಂತಾನಾ?"

"ಹುಳ ಏನ್ ಕೇಳ್ತಿ, ಸಾಲಂಗಿಲ್ಲಲೇ!"

ಆ ಕಡೆ ಸ್ವಲ್ಪ ಹೊತ್ತು ಮೌನ. "ಖರೇ ಹೇಳು."

ಸುಳ್ಳುಗಾರನಿಗೆ ಮೌನದಂಥ ಶಿಕ್ಷೆ ಇನ್ನೊಂದಿಲ್ಲ. ನನಗೆ ದಿಗಿಲಾಯಿತು. ಬಾಯಿ ತಾನೇ ಓಡಿತು. "ನಂಬಿಕಿ ಇಲ್ಲೇನು? ತಡಿ, ಬೇಕಾರ ಅದರ ದನೀನ ಕೇಳಸ್ತೀನಿ!" ಎಂದೆ. ಫೋನನ್ನು ತುಸು ದೂರ ಹಿಡಿದು, ಗಂಟಲನ್ನು ಕಿರಿದು ಮಾಡಿ, ನಾಲಿಗೆ ಮಡಚಿ, "ಟ್ರ್ರ್... ಕಿಕ್ಕಿ, ಕಿಕ್ಕಿ, ಕಿಕ್ಕಿ" ಎಂದು ಸೊಗಸಾಗಿ ಕೂಗಿದೆ. ಕೊನೆಯಲ್ಲಿ, ಹೊಟ್ಟೆ ತುಂಬಿದೆ ಎಂದು ತೋರಿಸಲು, ಒಂದು ಸಣ್ಣ ತೇಗನ್ನೂ ಸೇರಿಸಿದೆ.

ಮದುವೆ ಮನೆಯ ಡೋಲಿನ ಸದ್ದು ಬಂತು. ಯಾರೋ ನಕ್ಕರು. ಆಮೇಲೆ ಮೆಹಬೂಬ ನಿಧಾನವಾಗಿ ಹೇಳಿದ.

"ಅದು ಸಪ್ಪಳಾ ಮಾಡಂಗಿಲ್ಲ."

ಫೋನು ಇಟ್ಟುಬಿಟ್ಟ.

ಎಷ್ಟೋ ದನಿಗಳ ನಕಲು ಮಾಡಿದ ನಾನು ದನಿಯೇ ಇಲ್ಲದ ಪ್ರಾಣಿಯ ದನಿ ಮಾಡಿ ಸಿಕ್ಕಿಬಿದ್ದಿದ್ದೆ. ಅಪ್ಪ ಚಹಾ ಮುಗಿಸಿ, "ತೇಗು ಛಲೋ ಇತ್ತು" ಎಂದಷ್ಟೇ ಹೇಳಿ ಎದ್ದರು. ಆ ದಿನ ರೊಟ್ಟಿ ನನಗೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ ನವಾಬನನ್ನು ನಾನೇ ವಾಸಿ ಮಾಡುವುದೆಂದು ನಿರ್ಧರಿಸಿದೆ. ಬಿಳಿ ತೇಪೆ ಚರ್ಮರೋಗವೆಂದು ನನ್ನ ಪತ್ತೆ. ಅಡುಗೆಮನೆಯಿಂದ ಕುಸುಬೆ ಎಣ್ಣೆ ಕದ್ದು ತಂದೆ. ಪಡಸಾಲೆಯಲ್ಲಿ ಕೂತು ಅವನ ಬೆನ್ನಿಗೆ ಹಚ್ಚಿದೆ. ಸೊಂಟದ ಹತ್ತಿರ ಒಂದು ಸಿಪ್ಪೆಯ ಅಂಚು ಎದ್ದು ನಿಂತಿತ್ತು. ಮೊಣಕಾಲಿನ ಗಾಯದ ಹಕ್ಕಳೆ ಕಿತ್ತು ಕಿತ್ತು ಅಭ್ಯಾಸವಿದ್ದ ಕೈ ಸುಮ್ಮನಿರುತ್ತದೆಯೇ? ಎಳೆದೆ. ನವಾಬ ಕೊಸರಿಕೊಂಡ. ಎಣ್ಣೆಗೆ ಜಾರುತ್ತಾನಲ್ಲ ಎಂದು ಗಟ್ಟಿಯಾಗಿ ಹಿಡಿದೆ. ಹಿಡಿದದ್ದು ಬಾಲ.

ಟಕ್ಕನೆ ಕೈ ಹಗುರಾಯಿತು. ನವಾಬ ಇಟ್ಟಿಗೆಯ ಹಿಂದೆ ಹೋಗಿ ಸೇರಿದ್ದ. ಬಾಲ ಮಾತ್ರ ನನ್ನ ಬೆರಳಿನಿಂದ ನೆಲಕ್ಕೆ ಬಿದ್ದು ಕುಣಿಯತೊಡಗಿತು. ಆ ಹೊತ್ತಿಗೆ ಸರಿಯಾಗಿ ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಪ್ ತಪ್ ತಪ್. ಆ ತಾಳಕ್ಕೆ ಸರಿಯಾಗಿ ಬಾಲ ಎಡಕ್ಕೊಮ್ಮೆ ಬಲಕ್ಕೊಮ್ಮೆ. "ಏನಲೇ ಅದು?" ಎಂದು ಹಿಟ್ಟಿನ ಕೈಯಲ್ಲೇ ಹೊರಬಂದ ಅವ್ವ ಕಂಬ ತಬ್ಬಿಕೊಂಡು ಕಿರುಚಿದಳು. ಬಡಿಯುವುದು ನಿಂತರೂ ಕುಣಿತ ನಿಲ್ಲಲಿಲ್ಲ.

ನಾನು ಅತ್ತೆ. ಜೋರಾಗಿ, ಮೂಗು ಸುರಿಸಿಕೊಂಡು ಅತ್ತೆ. ಆಯಿ ಹಿತ್ತಲಿನಿಂದ ಬಂದಳು. ಈ ಸಲವೂ ನಕಲೇ ಇರಬೇಕೆಂದು ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಳು. ನಾನು ಎಲ್ಲ ಹೇಳಿದೆ. ಮೂರು ಮಾತು, ಫೋನು, ಕಿಕ್ಕಿ ಕಿಕ್ಕಿ, ತೇಗು.

"ಸಾಯತೈತಿ ಆಯಿ ಅದು. ನಂದ ತಪ್ಪು."

ಆಯಿ ಮೊದಲ ಸಲ ಡಬ್ಬಿಯೊಳಗೆ ಕೈ ಹಾಕಿದಳು. ಕಚ್ಚಿದರೆ ನೀರು ಕೇಳುವುದಿಲ್ಲ ಎಂದವಳು ಅದೇ ನವಾಬನನ್ನು ಅಂಗೈಯಲ್ಲಿ ಎತ್ತಿಕೊಂಡಳು. ಕಣ್ಣ ಹತ್ತಿರ ತಂದಳು. ಕನ್ನಡಕದ ಒಂದು ಕಾಲಿಗೆ ಕಟ್ಟಿದ್ದ ದಾರ ನವಾಬನ ಮೂಗಿಗೆ ತಾಗುತ್ತಿತ್ತು.

"ಹುಚ್ಚ ಖೋಡಿ. ಇದು ರೋಗಲ್ಲೋ, ಪೊರಿ. ಹಾವು ಬಿಡಂಗಿಲ್ಲೇನು? ಅಂಗಿ ಬಿಗಿ ಆಗೈತಿ ಅದಕ್ಕ, ಕಳಚಾಕತ್ತೈತಿ. ಅದ ತಾನ ಕಳಚಬೇಕು. ನೀ ಹಿಂಗ ಎಳದ್ರ, ನಿನ್ನ ತೊಗಲ ನಾ ಎಳದಂಗ." ಎಂದು ನನ್ನ ಕಿವಿ ಹಿಡಿದು ಎಳೆದು ತೋರಿಸಿಯೂಬಿಟ್ಟಳು. ಆಮೇಲೆ ಅವನ ಬೆರಳುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಹುಲ್ಲುಕಡ್ಡಿಯಂಥ ಬೆರಳುಗಳಿಗೆ ಒಣಗಿದ ಪೊರೆ ದಾರ ಸುತ್ತಿದಂತೆ ಬಿಗಿದಿತ್ತು. "ಇದು ಹಿಂಗ ಉಳದ್ರ ಬಟ್ಟು ಉದರತಾವು. ಡಬ್ಬ್ಯಾಗ ಬರೇ ಮರಳ ಐತಿ, ಒಣಾ ಒಣಾ. ಥಂಡಿ ಎಲ್ಲೈತಿ?"

ಹಳೇ ಗೋಣಿಚೀಲದ ತುಂಡನ್ನು ನೆನೆಸಿ ಹಿಂಡಿ ಡಬ್ಬಿಯ ಒಂದು ಪಾಲಿಗೆ ಹಾಸಿದಳು. ತಾಟಿನಲ್ಲಿ ಉಗುರುಬೆಚ್ಚನೆಯ ನೀರು, ಉಗುರು ಮುಳುಗುವಷ್ಟೇ. ಅದರಲ್ಲಿ ನವಾಬನ ಸ್ನಾನ. ನನ್ನ ಹಾಗೂ ನನ್ನ ಮುಂಚೆ ನನ್ನಪ್ಪನ ಕಾಲು ತಿಕ್ಕಿದ ಹೆಬ್ಬೆರಳಿನಿಂದ ಅವನ ಹೊಟ್ಟೆಯ ಮೇಲಿನ ಎಣ್ಣೆಯನ್ನು ಸವರಿ ಸವರಿ ತೆಗೆದಳು. "ಕುಸುಬಿ ಎಣ್ಣಿ ಹಚ್ಯಾನ, ಒಗ್ಗರಣಿ ಒಂದ ಬಾಕಿ ಇತ್ತು," ಎಂದು ಗೊಣಗಿದಳು. ಬಾಲ ಇದ್ದಲ್ಲಿನ ಮೊಂಡಿಗೆ ಒಂದು ಚಿಟಿಕೆ ಅರಿಶಿಣ ಒತ್ತಿದಳು.

ಎರಡು ದಿನದಲ್ಲಿ ನವಾಬ ಗೋಣಿಯ ಕೆಳಗೆ ತೂರಿ, ಇಟ್ಟಿಗೆಗೆ ಮೈ ಉಜ್ಜಿ ಉಜ್ಜಿ ಅಂಗಿ ಕಳಚಿದ. ಒಮ್ಮೆಲೇ ಅಲ್ಲ, ತುಂಡು ತುಂಡಾಗಿ. ಬೆರಳುಗಳದನ್ನು ಮೂರು ಸ್ನಾನದ ನಂತರ ಆಯಿ ಒದ್ದೆ ಹತ್ತಿಯಿಂದ ಬಿಡಿಸಿದಳು. ಬೆನ್ನಿನ ತುಂಡೊಂದನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಈರುಳ್ಳಿಯ ಒಳಪರದೆಗಿಂತ ತೆಳು. ಒಂದೊಂದು ಹುರುಪೆಯ ಗುರುತೂ ಇತ್ತು. ಮುಂಗಾಲಿನ ಒಂದು ಕೈಗವಸು ಐದು ಬೆರಳಿನ ಸಮೇತ ಹಾಗೇ ಬಂದಿತ್ತು. ಅದನ್ನು ಕಂಪಾಸ್ ಡಬ್ಬಿಯಲ್ಲಿಟ್ಟುಕೊಂಡೆ.

ನವಾಬ ಮತ್ತೆ ಕಂಚಾದ. ಆದರೆ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಹಾಲುರೊಟ್ಟಿ ಇಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೊಸ ಅಂಗಿ ಹಾಕಿಕೊಂಡು ಉಪವಾಸ ಸಾಯಲು ಹೊರಟ ನವಾಬನನ್ನು ಆಯಿ ಬೆಳಗಿನಿಂದ ಕಟ್ಟೆಯ ಮೇಲೆ ಕೂತು ನೋಡಿದಳು. ಎದ್ದು ಎದುರಿನ ಶರಣಮ್ಮನ ಮನೆಗೆ ಹೋದಳು.

ಇಲ್ಲೊಂದು ಮಾತು ಹೇಳಬೇಕು. ಆಯಿಯ ಜೋಳಕ್ಕೆ ಹುಳ ಬೀಳುತ್ತಿರಲಿಲ್ಲ. ಬೇವಿನ ಎಲೆ, ಬೂದಿ ಬೆರೆಸಿ ಅವಳು ತುಂಬಿಟ್ಟ ಕಾಳಿಗೆ ನುಸಿಯೂ ಹೆದರುತ್ತಿತ್ತು. ಓಣಿಯಲ್ಲಿ ಯಾರ ಚೀಲದಲ್ಲಿ ಹುಳ ಕಂಡರೂ, "ಶರಣಮ್ಮನ ಜ್ವಾಳಾ ಆಗೈತಿ ನೋಡು" ಎನ್ನುವುದು ಅವಳ ಪದ್ಧತಿ. ಹುಳ ಬಿದ್ದ ಕಾಳು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅಂಥವಳು ಆ ದಿನ ಶರಣಮ್ಮನ ಮನೆಯಿಂದ ಒಂದು ಬುಟ್ಟಿ ಜೋಳ, ಒಂದು ಡಬ್ಬಿ ಹಳೇ ಕಡಲೆಹಿಟ್ಟು ಹೊತ್ತು ತಂದಳು. ಹಿಂದೆಯೇ ಶರಣಮ್ಮ ಗಾಬರಿಯಿಂದ ಬಂದಳು.

"ಯಾಕ್ರಿ ಆಯಿ, ನನ್ನ ಹುಳಾ ಹಿಡದ ಜ್ವಾಳಾ ನೀವ್ಯಾಕ ಹಸನ ಮಾಡ್ತೀರಿ?"

ಆಯಿ ಎರಡು ಸಲ ಕೆಮ್ಮಿದಳು. "ಸುಮ್ನ ಕುಂತ್ರ ಕೈ ಜೋಮ ಹಿಡೀತಾವಬೆ."

ಅಂಗಳದಲ್ಲಿ ಮೊರ ಹಿಡಿದು ಕೂತಳು. ನನ್ನ ಕಡೆ ನೋಡದೆ ಹೇಳಿದಳು. "ತಮ್ಮಾ, ಆ ಡಬ್ಬಿ ತಂದು ಇಲ್ಲಿ ಬಿಸಲಾಗ ಇಡು. ಜಾಳಿಗಿ ತಗಿ. ಗಾಳಿ ಆಡ್ಲಿ ಪಾಪ."

ತಂದಿಟ್ಟೆ.

"ಅಲ್ಲಲ್ಲೋ. ಈ ಕಡಿ. ಇನ್ನಷ್ಟು ಈ ಕಡಿ. ಹಾಂ."

ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನಾನು ಆಗ ಗಮನಿಸಲಿಲ್ಲ. ಆಯಿ ಗಮನಿಸಿದ್ದಳು. ಝರ್ ಝರ್ ಎಂದು ಕೇರತೊಡಗಿದಳು. ಕಾಳು ಮೊರದಲ್ಲಿ ಹಿಂದಕ್ಕೆ ಸರಿಯಿತು. ಹೊಟ್ಟು, ಕಸ, ಅವುಗಳ ಜೊತೆಗೆ ಶರಣಮ್ಮನ ಮನೆಯ ಒಂದು ವರ್ಷದ ಹುಳಗಳು ಮೊರದ ತುದಿಯಿಂದ ಹಾರಿ, ಗಾಳಿಯಲ್ಲಿ ತೇಲಿ, ಸರಿಯಾಗಿ ನವಾಬನ ಡಬ್ಬಿಯೊಳಗೆ ಇಳಿದವು. ಆಮೇಲೆ ಕಡಲೆಹಿಟ್ಟಿನ ಡಬ್ಬಿ ಬಗ್ಗಿಸಿ ಜರಡಿ ಹಿಡಿದಳು. ಜರಡಿಯಲ್ಲಿ ಉಳಿದದ್ದನ್ನು ಅದೇ ದಿಕ್ಕಿಗೆ ಕೊಡವಿದಳು.

ನವಾಬನ ತಲೆ ಎದ್ದಿತು. ನಾಲಿಗೆ ಒಮ್ಮೆ ಹೊರಗೆ, ಒಮ್ಮೆ ಒಳಗೆ. ಚಟಕ್. ಒಂದು ಹುಳ ಮಾಯ. ಚಟಕ್. ಇನ್ನೊಂದು. ಹನ್ನೊಂದು ದಿನದ ಹಸಿವು ಮೊಂಡು ಬಾಲವನ್ನೆಳೆದುಕೊಂಡು ಡಬ್ಬಿಯ ತುಂಬ ಓಡಾಡಿತು. ನಾನು ಕುಣಿದೆ.

"ಆಯಿ! ಆಯಿ! ತಿನ್ನಾಕತ್ತಾನ! ನೀ ಹುಳಾ ಹಾಕಿದಿ!"

ಕೆಮ್ಮು, ಎರಡು ಸಲ. "ನಾ ಎಲ್ಲಿ ಹಾಕೇನಿ? ನಾ ಜ್ವಾಳಾ ಹಸನ ಮಾಡಾಕತ್ತೇನಿ. ಗಾಳಿ ಯಾ ಕಡಿ ಬೀಸತೈತೋ ಅದು ನನ್ನ ಕೈಯಾಗೈತೇನು?"

ಶರಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಯಿ ಮುಖ ಬಿಗಿಹಿಡಿದು ಇನ್ನೊಂದು ಮೊರ ತುಂಬಿಕೊಂಡಳು. ಆದರೆ ಆ ಹೊತ್ತಿಗೆ ಅವಳ ತುಟಿಯ ತುದಿಯೂ ನವಾಬನ ನಾಲಿಗೆಯ ಹಾಗೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ಸಂಜೆ ಪೂಜೆಗೆ ಕೂತವಳು ಎಂದಿಗಿಂತ ಎರಡು ವಿಭೂತಿ ಗೆರೆ ಹೆಚ್ಚು ಎಳೆದುಕೊಂಡಳು. ಮೇಲಿನವನಿಗೂ ಒಮ್ಮೆ ಕೆಮ್ಮಿ ತೋರಿಸಿದಳೋ ಏನೋ.

ಮರುದಿನ ಮೆಹಬೂಬ ಬಂದ. ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ, ಗೋರಂಟಿ ಹಚ್ಚಿದ ಕೈಯಲ್ಲೇ ನೆಟ್ಟಗೆ ನಮ್ಮ ಕಟ್ಟೆಗೆ ಬಂದ. ನನ್ನ ಮುಖ ನೋಡಲಿಲ್ಲ. ಡಬ್ಬಿ ನೋಡಿದ. ನವಾಬನನ್ನು ಎತ್ತಿ, ಒಂದೊಂದೇ ಕಾಲು ಬಿಡಿಸಿ ಬೆರಳು ಎಣಿಸಿದ. ಎಲ್ಲ ಇದ್ದವು. ಹೊಟ್ಟೆ ಮುಟ್ಟಿ ನೋಡಿದ. ತುಂಬಿತ್ತು. ಆಮೇಲೆ ಹಿಂದಕ್ಕೆ ತಿರುಗಿಸಿದ.

"ಬಾಲಾ?"

ನಾನು ಮೂರು ಸುಳ್ಳು ಸಿದ್ಧಮಾಡಿಟ್ಟುಕೊಂಡಿದ್ದೆ. ಬೆಕ್ಕು ಬಂದಿತ್ತು ಎನ್ನುವುದೊಂದು, ಪೊರೆಯ ಜೊತೆಗೆ ಬಂತು ಎನ್ನುವುದೊಂದು. ಮೂರನೆಯದರಲ್ಲಿ ಶರಣಮ್ಮನ ಮೇಲೆ ಆರೋಪವಿತ್ತು. ಮೂರಕ್ಕೂ ಬೇರೆ ಬೇರೆ ದನಿ. ಬಾಯಿ ತೆಗೆದರೆ ಒಂದೂ ಬರಲಿಲ್ಲ.

"ನಾ ಹಿಡದೆ ಲೇ," ಎಂದೆ. "ನೀ ಬ್ಯಾಡ ಅಂದಿದ್ದಿ. ಆದ್ರೂ ಹಿಡದೆ. ಹುಳಾನೂ ಹಾಕಿದ್ದಿಲ್ಲ. ಫೋನಿನ್ಯಾಗ ಕೂಗಿದ್ದೂ ನಾನ."

ಮೆಹಬೂಬ ಮೊಂಡಿನ ಮೇಲೆ ಬೆರಳಾಡಿಸಿದ. ಗಿರಣಿ ಬೀಗ ತೆಗೆದು ಅವರಪ್ಪ ಯಂತ್ರ ಶುರುಮಾಡುವ ಗುಡ್ ಗುಡ್ ಕೇಳುತ್ತಿತ್ತು.

"ನಾನೂ ಹಿಡದಿದ್ದೆ," ಎಂದ. "ಹ್ವಾದ ವರ್ಷ. ಅದಕ್ಕ ಬ್ಯಾಡಂದೆ."

ಆಗ ಹೊಳೆಯಿತು, ಆ ಎರಡು ಬಣ್ಣದ ಬಾಲದ ಕಥೆ. ಕೆಳಗಿನ ಅರ್ಧ ಆಮೇಲೆ ಬೆಳೆದದ್ದು!

"ಮತ್ತ ಬರ್ತದಾ?"

"ಬರ್ತದ."

ಡಬ್ಬಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. ಆ ಕಲ್ಲುಮುಖದಲ್ಲಿ ಏನೋ ಅಲುಗಿತು. "ಇನ್ನೊಮ್ಮಿ ಕೂಗು," ಎಂದ.

"ಏನು?"

"ನವಾಬಂದು."

ಕೂಗಿದೆ. ಟ್ರ್ರ್, ಕಿಕ್ಕಿ ಕಿಕ್ಕಿ, ತೇಗಿನ ಸಮೇತ. ಮೆಹಬೂಬ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಂದು. ಡಬ್ಬಿ ಕಟ್ಟೆಯ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು, ಸಪ್ಪಳವೇ ಇಲ್ಲದೆ ನಕ್ಕ.

ನವಾಬನಿಗೆ ಬಾಲ ಬಂತು. ಮೊಂಡು, ಸ್ವಲ್ಪ ಸೊಟ್ಟ, ಮೂರನೆಯ ಬಣ್ಣ. ಇನ್ನೂ ಎರಡು ವರ್ಷ ಅವನು ಚೀಲಗಳ ಹಿಂದೆ ರಾಜ್ಯವಾಳಿದ. ಸೋಮವಾರ ನಾನು ಜೋಳ ಬೀಸಿಸಿಕೊಂಡು ಬಂದಾಗಲೆಲ್ಲ ಆಯಿ, "ನವಾಬಂದು ಊಟ ಆತೇನಪಾ?" ಎಂದು ಕೇಳುತ್ತಿದ್ದಳು. ಒಂದು ಮಳೆಗಾಲ ಅವನು ಕಾಣಲಿಲ್ಲ. ಗಿರಣಿ ಹಿಂದಿನ ಕಲ್ಲು ಪೌಳಿಗೋಡೆಯ ಸಂದಿಗೆ ಸಂಸಾರ ಮಾಡಲು ಹೋದ ಎಂದು ಆಯಿ ಹೇಳಿದಳು. ಹೇಳುವ ಮುಂಚೆ ಕೆಮ್ಮಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡೆ.

ಈಗ ಆ ಕಲ್ಲು ಪೌಳಿ ಇಲ್ಲ, ಸಿಮೆಂಟಿನ ಗೋಡೆ ಎದ್ದಿದೆ. ಹಾವರಾಣಿ ನುಸುಳಲು ಅದರಲ್ಲಿ ಒಂದು ಸಂದಿಯೂ ಇಲ್ಲ. ನಮ್ಮ ಅಡುಗೆಮನೆಗೂ ಪಾಕೀಟಿನ ಹಿಟ್ಟು ಬರುತ್ತದೆ. ಎಷ್ಟು ದಿನ ಇಟ್ಟರೂ ಒಂದು ಹುಳ ಬೀಳುವುದಿಲ್ಲ. ಆಯಿ ಇದ್ದಿದ್ದರೆ ಅನುಮಾನಪಡುತ್ತಿದ್ದಳು. ಮೊರ ಅಟ್ಟದ ಮೇಲಿದೆ. ನಾನು ಶಹಾಪುರದ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಸರೀಸೃಪಗಳು ಪೊರೆ ಕಳಚುವ ಪಾಠ ಬಂದಾಗ ಕಂಪಾಸ್ ಡಬ್ಬಿ ತೆಗೆದು ಆ ಐದು ಬೆರಳಿನ ಕೈಗವಸು ತೋರಿಸುತ್ತೇನೆ. ನಾನು ಬೋರ್ಡಿನ ಕಡೆ ತಿರುಗಿದೊಡನೆ ಹಿಂದಿನ ಬೆಂಚಿನಿಂದ ನನ್ನದೇ ದನಿ ಕೇಳುತ್ತದೆ, ನನಗಿಂತ ಚೆನ್ನಾಗಿ. ಬೈಯುವುದಿಲ್ಲ. ಹುಡುಗನಿಗೆ ಭವಿಷ್ಯವಿದೆ.

ಮನೆಯಲ್ಲಿ ನಾಲ್ಕು ಜನ ಸೇರಿದರೆ ಆಯಿಯ ನಕಲು ಮಾಡು ಎನ್ನುತ್ತಾರೆ. ಮಾಡುತ್ತೇನೆ. ಕೆಮ್ಮು, ಗೊಣಗು, "ಹುಚ್ಚ ಖೋಡಿ" ಎಲ್ಲ ಅಳತೆಗೆ ಸರಿಯಾಗಿ ಬರುತ್ತವೆ. ಅವ್ವ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಾಳೆ. ನನಗೆ ಮಾತ್ರ ಕಂಪಾಸ್ ಡಬ್ಬಿ ನೆನಪಾಗುತ್ತದೆ. ಒಂದೊಂದು ಹುರುಪೆಯ ಗುರುತೂ ಇದೆ, ಐದು ಬೆರಳೂ ಇವೆ. ಒಳಗೆ ಕೈ ಇಲ್ಲ.

ಗಿರಣಿಯನ್ನು ಈಗ ಮೆಹಬೂಬನೇ ನಡೆಸುತ್ತಾನೆ. ಗಿರಾಕಿ ಕಡಿಮೆ, ಪುರುಸೊತ್ತು ಹೆಚ್ಚು. ವಾರಕ್ಕೊಮ್ಮೆ ಫೋನು ಮಾಡುತ್ತಾನೆ. "ಹೆಂಗದಿ?" "ಆರಾಮ. ನೀ?" "ಆರಾಮ." ಅಲ್ಲಿಗೆ ಅವನ ಮಾತು ಮುಗಿಯುತ್ತದೆ. ಒಮ್ಮೊಮ್ಮೆ, ಇಡುವ ಮುಂಚೆ, ಕೇಳುತ್ತಾನೆ.

"ನವಾಬನ ದನಿ ಮಾಡು."

ನಾನು ಈಗ ಕಿಕ್ಕಿ ಕಿಕ್ಕಿ ಎನ್ನುವುದಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂರುತ್ತೇನೆ. ಆ ಕಡೆ ಅವನೂ ಸುಮ್ಮನೆ ಕೇಳುತ್ತಾನೆ. ಹಿಂದೆ ಗಿರಣಿಯ ಪಟ್ಟೆ ಮೆಲ್ಲಗೆ ತಿರುಗುತ್ತಿರುತ್ತದೆ.

"ಹಾಂ," ಎನ್ನುತ್ತಾನೆ ಸ್ವಲ್ಪ ಹೊತ್ತಿನ ಮೇಲೆ. "ಈಗ ಬರೋಬ್ಬರಿ ಬಂತು."